ಕಾರ್ನೂಸ್ಟಿ ಚಾಂಪಿಯನ್‌ಷಿಪ್ ಕೋರ್ಸ್: 1953ರಲ್ಲಿ ಹೋಗನ್ ಗೆದ್ದ ಮೈದಾನದಲ್ಲಿ ಆಡಲು ಹೊರಟವರಿಗೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿರುವ ಕಾರ್ನೂಸ್ಟಿಯ ಚಾಂಪಿಯನ್‌ಷಿಪ್ ಕೋರ್ಸ್ ಸಾರ್ವಜನಿಕ ಗಾಲ್ಫ್ ಮೈದಾನ. ಸದಸ್ಯತ್ವ ಬೇಡ, ಯಾರ ಶಿಫಾರಸೂ ಬೇಡ. ಮುಂಗಡ ಬುಕ್ ಮಾಡಿ, ಶುಲ್ಕ ಕಟ್ಟಿ, ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕಿ) ಪ್ರಮಾಣಪತ್ರ ಇಟ್ಟುಕೊಂಡು ಹೋದರೆ ಯಾರು ಬೇಕಾದರೂ ಮೊದಲ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಲ್ಲಬಹುದು. ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿ ದಿ ಓಪನ್ ಇಲ್ಲಿ ಎಂಟು ಬಾರಿ ನಡೆದಿದೆ: 1931, 1937, 1953, 1968, 1975, 1999, 2007 ಮತ್ತು 2018. ಈ ಎಂಟರಲ್ಲಿ ಜನ ಇವತ್ತಿಗೂ ಹುಡುಕಿಕೊಂಡು ಬರುವುದು 1953ರದ್ದನ್ನು. ಅಮೆರಿಕದ ಆಟಗಾರ ಬೆನ್ ಹೋಗನ್ ತಮ್ಮ ಜೀವಮಾನದಲ್ಲಿ ಆಡಿದ್ದು ಒಂದೇ ಒಂದು ಓಪನ್, ಅದನ್ನು ಗೆದ್ದದ್ದು ಇಲ್ಲಿ.

ಶುಲ್ಕ ದುಬಾರಿ, ಬೇಸಿಗೆಯಲ್ಲಂತೂ ಇನ್ನೂ ದುಬಾರಿ. ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂದರೆ, ಹೌದು, ಆದರೆ ಎಲ್ಲರಿಗೂ ಅಲ್ಲ. ಕಣ್ಣಿಗೆ ಹಬ್ಬವಾಗಬೇಕು, ಪ್ರತಿ ಹೋಲ್‌ನಲ್ಲೂ ಸಮುದ್ರ ಕಾಣಬೇಕು ಅನ್ನುವವರಿಗೆ ಈ ಜಾಗ ಹಿಡಿಸುವುದಿಲ್ಲ. ಇಲ್ಲಿ ಎತ್ತರದ ಮರಳುದಿಣ್ಣೆಗಳ ಸಾಲಿಲ್ಲ, ಆಡುವಾಗ ಕಡಲು ಕಾಣುವುದೇ ಅಪರೂಪ, ಮೊದಲ ನೋಟಕ್ಕೆ ಬರೀ ಬಯಲು. ಚೆಂಡು ಎಲ್ಲಿ ಬೀಳಬೇಕು ಎಂದು ಮೊದಲು ತೀರ್ಮಾನಿಸಿ ಆಮೇಲೆ ಕ್ಲಬ್ ತೆಗೆಯುವ ಅಭ್ಯಾಸ ಇದ್ದವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಕೋರ್ಸ್ ಸಿಗುವುದು ಕಷ್ಟ. ಕೆಟ್ಟ ಹೊಡೆತಕ್ಕೆ ಶಿಕ್ಷೆ ಎಲ್ಲ ಕೋರ್ಸಿನಲ್ಲೂ ಇದ್ದದ್ದೇ. ಯೋಚಿಸದೆ ಹೊಡೆದ ಒಳ್ಳೆಯ ಹೊಡೆತಕ್ಕೂ ಕಾರ್ನೂಸ್ಟಿ ದಂಡ ಹಾಕುತ್ತದೆ. ಹೋಗನ್ ಇಲ್ಲಿ ಗೆದ್ದ ಬಗೆಯನ್ನು ಗಮನಿಸಿದರೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

1953ರಲ್ಲಿ ನಡೆದದ್ದು

1949ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಹೆದ್ದಾರಿಯಲ್ಲಿ ಹೋಗನ್ ಅವರ ಕಾರಿಗೆ ಬಸ್ಸು ಢಿಕ್ಕಿ ಹೊಡೆಯಿತು. ಸೊಂಟದ ಮೂಳೆ, ಕೊರಳ ಮೂಳೆ, ಕಾಲಿನ ಗಿಣ್ಣು ಮುರಿದವು. ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬಂತು. ಮತ್ತೆ ನಡೆಯುತ್ತಾರೋ ಇಲ್ಲವೋ ಎಂಬ ಅನುಮಾನವಿದ್ದ ಮನುಷ್ಯ 1950ರಲ್ಲಿ ಯುಎಸ್ ಓಪನ್ ಗೆದ್ದರು. 1953ರ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಪಂದ್ಯಾವಳಿಯನ್ನು 274 ಹೊಡೆತಗಳ ಮೊತ್ತದಲ್ಲಿ, ಜೂನ್‌ನಲ್ಲಿ ಓಕ್‌ಮಾಂಟ್‌ನ ಯುಎಸ್ ಓಪನ್ ಅನ್ನು ಸ್ಯಾಮ್ ಸ್ನೀಡ್ ಅವರಿಗಿಂತ ಆರು ಹೊಡೆತ ಮುಂದೆ ಇದ್ದು ಗೆದ್ದರು. ಅಲ್ಲಿಂದ ನೇರವಾಗಿ ಸ್ಕಾಟ್ಲೆಂಡ್. ಆ ವರ್ಷದ ಅಮೆರಿಕದ ಪಿಜಿಎ ಚಾಂಪಿಯನ್‌ಷಿಪ್ ಜುಲೈ 1ರಿಂದ 7ರವರೆಗೆ ಇತ್ತು, ಕಾರ್ನೂಸ್ಟಿಯ ಅರ್ಹತಾ ಸುತ್ತುಗಳು ಜುಲೈ 6 ಮತ್ತು 7ಕ್ಕೆ. ಎರಡನ್ನೂ ಆಡುವುದು ಸಾಧ್ಯವೇ ಇರಲಿಲ್ಲ.

ಆಗ ಎಂಥ ದೊಡ್ಡ ಆಟಗಾರನಾದರೂ ಅರ್ಹತಾ ಸುತ್ತು ಆಡಲೇಬೇಕಿತ್ತು. ಒಂದು ಸುತ್ತು ಚಾಂಪಿಯನ್‌ಷಿಪ್ ಕೋರ್ಸಿನಲ್ಲಿ, ಇನ್ನೊಂದು ಪಕ್ಕದ ಬರ್ನ್‌ಸೈಡ್‌ನಲ್ಲಿ. ಆಮೇಲೆ ಬುಧವಾರ, ಗುರುವಾರ ಒಂದೊಂದು ಸುತ್ತು. ಜುಲೈ 10ರ ಶುಕ್ರವಾರ ಒಂದೇ ದಿನ 36 ಹೋಲ್. ಹೋಗನ್ ಆ ದಿನ ಜ್ವರದಲ್ಲೇ ಆಡಿದರು. ಅವರ ಸುತ್ತುಗಳು 73, 71, 70, 68. ಪ್ರತಿ ಸುತ್ತೂ ಹಿಂದಿನದಕ್ಕಿಂತ ಕಡಿಮೆ, ಅಂದರೆ ಉತ್ತಮ, ಎಂಬುದನ್ನು ಗಮನಿಸಿ. ಮೊದಲ ದಿನ ಅಮೆರಿಕದ ಹವ್ಯಾಸಿ ಆಟಗಾರ ಫ್ರ್ಯಾಂಕ್ ಸ್ಟ್ರಾನಹನ್ 70 ಹೊಡೆದು ಮುಂದಿದ್ದರು. ಮೂರು ಸುತ್ತು ಮುಗಿದಾಗ ಹೋಗನ್ ಮತ್ತು ಅರ್ಜೆಂಟೀನಾದ ರಾಬರ್ಟೊ ಡಿ ವಿಸೆಂಜೊ 214ರಲ್ಲಿ ಸಮ. ಕೊನೆಗೆ ಹೋಗನ್ 282. ನಾಲ್ಕು ಹೊಡೆತ ಹಿಂದೆ 286ರಲ್ಲಿ ಸ್ಟ್ರಾನಹನ್, ಡೈ ರೀಸ್, ಪೀಟರ್ ಥಾಮ್ಸನ್, ಆಂಟೊನಿಯೊ ಸೆರ್ಡಾ. ಬಹುಮಾನ 500 ಪೌಂಡ್.

ಇಲ್ಲಿಗೆ ಆಡಲು ಹೋಗುವವರಿಗೆ ಈ ಅಂಕಿಗಳಿಗಿಂತ ಮುಖ್ಯ ಅವರ ತಯಾರಿ. ಸುಮಾರು ಎರಡು ವಾರ ಮೊದಲೇ ಬಂದರು. ಒಂದೇ ಹೋಲ್‌ನಲ್ಲಿ ಬೇರೆ ಬೇರೆ ಜಾಗಕ್ಕೆ ಚೆಂಡು ಹೊಡೆದು, ಯಾವ ಕಡೆಯಿಂದ ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ) ದಾರಿ ಸಲೀಸು ಎಂದು ಅಳೆದರು. ಸಂಜೆ ಹೊತ್ತು ಗ್ರೀನ್‌ನಿಂದ ಟೀ ಕಡೆಗೆ ಹಿಂದುಮುಂದಾಗಿ ನಡೆದು ನೋಡುತ್ತಿದ್ದರು ಎಂದು ಆ ಕಾಲದವರು ಹೇಳಿದ್ದಾರೆ. ಈ ಹಿಂದುಮುಂದಿನ ನಡಿಗೆಯ ಲಾಭ ದೊಡ್ಡದು. ಟೀ ಮೇಲಿಂದ ಕಾಣದ ಬಂಕರ್ (ಮರಳುಗುಂಡಿ), ಹಳ್ಳದ ಅಂಚು, ಗ್ರೀನ್‌ನ ತೆರೆದ ಬಾಯಿ ಎಲ್ಲವೂ ಆ ಕಡೆಯಿಂದ ಕಾಣುತ್ತವೆ. ಇವತ್ತು ಮೈದಾನದ ಮೇಲೆ ಹಾಗೆ ಓಡಾಡಲು ಬಿಡುವುದಿಲ್ಲ. ಆದರೆ ಪ್ರತಿ ಹೋಲ್‌ನ ದೂರಗಳನ್ನು ತೋರಿಸುವ ಯಾರ್ಡೇಜ್ ಪುಸ್ತಕವನ್ನು ಹಿಂದಿನ ರಾತ್ರಿ ಹದಿನೆಂಟನೇ ಗ್ರೀನ್‌ನಿಂದ ಶುರುಮಾಡಿ ಓದಲು ಅಡ್ಡಿಯಿಲ್ಲ. ಪ್ರತಿ ಹೋಲ್‌ಗೂ ಒಂದೇ ಸಾಲು ಬರೆದುಕೊಳ್ಳಿ: ಟೀಯಿಂದ ಎಷ್ಟು ಗಜ, ಯಾವ ಬದಿ, ಎಲ್ಲಿಗೆ ಹೋಗಲೇಬಾರದು.

ಅವರ ಚೆಂಡು ಬೇರೆ, ನಮ್ಮ ಚೆಂಡು ಬೇರೆ

1953ರ ಹೊಡೆತಗಳನ್ನು ಇವತ್ತಿನವುಗಳ ಜೊತೆ ಹೋಲಿಸುವ ಮುನ್ನ ಚೆಂಡಿನ ಸಂಗತಿ ತಿಳಿದಿರಬೇಕು. ಆಗ ಬ್ರಿಟನ್ನಿನ ನಿಯಮದಲ್ಲಿ ಚೆಂಡಿನ ವ್ಯಾಸ ಕನಿಷ್ಠ 1.62 ಇಂಚು, ಅಂದರೆ 41 ಮಿ.ಮೀ.ಗೆ ತುಸು ಹೆಚ್ಚು. ಅಮೆರಿಕದಲ್ಲಿ ಕನಿಷ್ಠ 1.68 ಇಂಚು, ಸುಮಾರು 42.7 ಮಿ.ಮೀ. ತೂಕದ ಮಿತಿ ಎರಡಕ್ಕೂ ಒಂದೇ: 1.62 ಔನ್ಸ್. ವ್ಯಾಸದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಅನ್ನಿಸಬಹುದು, ಆದರೆ ಗಾಳಿಗೆ ಒಡ್ಡಿಕೊಳ್ಳುವ ಅಡ್ಡಕೊಯ್ತದ ವಿಸ್ತೀರ್ಣ ದೊಡ್ಡ ಚೆಂಡಿನಲ್ಲಿ ಶೇ. 7ಕ್ಕಿಂತ ಹೆಚ್ಚು. ಅದಕ್ಕೇ ಚಿಕ್ಕ ಚೆಂಡು ಎದುರುಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು, ಅಡ್ಡಗಾಳಿಗೆ ಕಡಿಮೆ ಬಾಗುತ್ತಿತ್ತು. ಹುಲ್ಲಿನಲ್ಲಿ ಮಾತ್ರ ಇನ್ನಷ್ಟು ಆಳಕ್ಕೆ ಕೂರುತ್ತಿತ್ತು, ಗ್ರೀನ್ ಸುತ್ತ ನಾಜೂಕಿನ ಚಿಪ್ ಹೊಡೆಯುವುದೂ ಕಷ್ಟವಿತ್ತು. ಹೋಗನ್ ಬಂದ ಮೊದಲ ದಿನಗಳನ್ನೆಲ್ಲ ಕಳೆದದ್ದು ಈ ಚಿಕ್ಕ ಚೆಂಡು ಎಷ್ಟು ದೂರ ಹೋಗುತ್ತದೆ ಎಂದು ಕಲಿಯುವುದರಲ್ಲಿ. ಓಪನ್‌ನಲ್ಲಿ ದೊಡ್ಡ ಚೆಂಡು 1974ರಿಂದ ಕಡ್ಡಾಯವಾಯಿತು. 1990ರಲ್ಲಿ ಚಿಕ್ಕ ಚೆಂಡು ನಿಯಮದಿಂದಲೇ ಹೊರಬಿತ್ತು.

ಬೆಂಗಳೂರಿನವರಿಗೆ ಇದರ ಮೇಲೆ ಇನ್ನೊಂದು ಲೆಕ್ಕವಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳು ಗಾಳಿಯಲ್ಲಿ ಚೆಂಡು ಶೇ. 3ರಿಂದ 4ರಷ್ಟು ಹೆಚ್ಚು ಹಾರುತ್ತದೆ. ಕಾರ್ನೂಸ್ಟಿ ಕಡಲಂಚಿನಲ್ಲಿದೆ, ಜುಲೈ ಮಧ್ಯಾಹ್ನದಲ್ಲೂ 16-18 ಡಿಗ್ರಿ ಅಷ್ಟೆ. ತಣ್ಣನೆಯ ದಟ್ಟ ಗಾಳಿ ಮತ್ತೂ ಕೆಲವು ಗಜ ಕಿತ್ತುಕೊಳ್ಳುತ್ತದೆ. ಊರಲ್ಲಿ 150 ಗಜ ಹೋಗುವ 7 ಐರನ್ ಕ್ಲಬ್ಬಿನ ಹೊಡೆತ ಇಲ್ಲಿ ಗಾಳಿಯೇ ಇಲ್ಲದಾಗಲೂ 142-143 ಗಜಕ್ಕೆ ಬೀಳುತ್ತದೆ. ಒಂದು ಕ್ಲಬ್ ಹೆಚ್ಚು (ಇನ್ನೂ ದೂರ ಹೊಡೆಯುವ ಮುಂದಿನ ಕ್ಲಬ್) ತೆಗೆದುಕೊಳ್ಳುವುದು ಅಭ್ಯಾಸವಾಗಲಿ.

ಗಾಳಿ ಇದ್ದಾಗ ಸ್ಥೂಲ ಲೆಕ್ಕ ಹೀಗೆ: ಎದುರುಗಾಳಿ ಗಂಟೆಗೆ ಎಷ್ಟು ಮೈಲಿಯೋ ಅಷ್ಟು ಶೇಕಡಾ ದೂರ ಸೇರಿಸಿ, ಬೆನ್ನಿಗೆ ಗಾಳಿಯಿದ್ದರೆ ಅದರ ಅರ್ಧದಷ್ಟು ಕಳೆಯಿರಿ. 20 ಮೈಲಿ ಎದುರುಗಾಳಿಯಲ್ಲಿ 150 ಗಜದ ಹೊಡೆತ 180 ಗಜದ್ದಾಗುತ್ತದೆ. ಅದೇ ಗಾಳಿ ಬೆನ್ನಿಗಿದ್ದರೆ 135ರದ್ದು. ಎದುರುಗಾಳಿಗೆ ಜೋರಾಗಿ ಬೀಸುವುದು ಎಲ್ಲರೂ ಮಾಡುವ ತಪ್ಪು. ಜೋರು ಹೆಚ್ಚಿದಷ್ಟೂ ಚೆಂಡಿನ ಹಿಂಸುತ್ತು (ಬ್ಯಾಕ್‌ಸ್ಪಿನ್) ಹೆಚ್ಚುತ್ತದೆ, ಚೆಂಡು ಮೇಲಕ್ಕೇರಿ ನಿಂತು ಅಲ್ಲೇ ಬೀಳುತ್ತದೆ. ಎರಡು ಕ್ಲಬ್ ಹೆಚ್ಚು ತೆಗೆದು, ಹಿಡಿಕೆಯಲ್ಲಿ ಒಂದಿಂಚು ಕೆಳಗೆ ಹಿಡಿದು, ಚೆಂಡನ್ನು ಒಂದು ಚೆಂಡಿನಷ್ಟು ಹಿಂದಿಟ್ಟು ಮುಕ್ಕಾಲು ಸ್ವಿಂಗ್ ಮಾಡಿ. ನೋಡಲು ಸಪ್ಪೆ ಹೊಡೆತ, ಆದರೆ ಇಲ್ಲಿ ನಡೆಯುವುದು ಅದೇ.

ಬುಕಿಂಗ್, ಕ್ಯಾಡಿ, ನಡಿಗೆ

ಎಡಿನ್‌ಬರೋದಿಂದ ಡಂಡಿಗೆ ರೈಲಿನಲ್ಲಿ ಒಂದೂಕಾಲು ಗಂಟೆ, ಡಂಡಿಯಿಂದ ಕಾರ್ನೂಸ್ಟಿಗೆ ಕಾಲು ಗಂಟೆ. ನಿಲ್ದಾಣದಿಂದ ಕ್ಲಬ್‌ಹೌಸ್‌ಗೆ ನಡೆದೇ ಹೋಗಬಹುದು. ಗಾಲ್ಫ್ ಸ್ಟ್ರೀಟ್ ಎಂಬ ಇನ್ನೊಂದು ನಿಲ್ದಾಣ ಮೈದಾನಕ್ಕೆ ಇನ್ನೂ ಹತ್ತಿರ, ಆದರೆ ಅಲ್ಲಿ ನಿಲ್ಲುವ ರೈಲು ಬಹಳ ಕಡಿಮೆ; ಅದನ್ನು ನಂಬಿಕೊಂಡು ಟೀ ಸಮಯ ಬುಕ್ ಮಾಡಬೇಡಿ.

ಕಾರ್ನೂಸ್ಟಿ ಗಾಲ್ಫ್ ಲಿಂಕ್ಸ್ ಸಂಸ್ಥೆಯ ವೆಬ್‌ಸೈಟಿನಲ್ಲೇ ಬುಕಿಂಗ್. ಮೇಯಿಂದ ಸೆಪ್ಟೆಂಬರ್‌ವರೆಗಿನ ಒಳ್ಳೆಯ ಹೊತ್ತುಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಆಸುಪಾಸಿಗೆ, ಹಾಗಾಗಿ ಸಂಜೆ ನಾಲ್ಕಕ್ಕೆ ಶುರುಮಾಡಿದರೂ ಸುತ್ತು ಮುಗಿಯುತ್ತದೆ. ಚಳಿಗಾಲದಲ್ಲಿ ಶುಲ್ಕ ಇಳಿಯುತ್ತದೆ. ಆದರೆ ಸ್ಕಾಟ್ಲೆಂಡಿನ ಲಿಂಕ್ಸ್‌ಗಳಲ್ಲಿ (ಕಡಲಂಚಿನ ಮರಳುನೆಲದ ಕೋರ್ಸ್‌ಗಳಲ್ಲಿ) ಹುಲ್ಲು ಕಾಪಾಡಲು ಫೇರ್‌ವೇಯಲ್ಲಿ (ಟೀಗೂ ಗ್ರೀನ್‌ಗೂ ನಡುವಿನ ಕತ್ತರಿಸಿದ ಹುಲ್ಲುಹಾದಿಯಲ್ಲಿ) ಮ್ಯಾಟ್ ಮೇಲೆ ಚೆಂಡಿಟ್ಟು ಹೊಡೆಯಿಸುವ ವಾಡಿಕೆಯಿದೆ. ಆ ತಿಂಗಳುಗಳಲ್ಲಿ ಹೋಗುವುದಾದರೆ ದುಡ್ಡು ಕಟ್ಟುವ ಮೊದಲು ಈ ಮಾತು ಕೇಳಿಕೊಳ್ಳಿ. ಮ್ಯಾಟ್ ಮೇಲೆ ಆಡಿದ ಕಾರ್ನೂಸ್ಟಿ ಅರ್ಧ ಕಾರ್ನೂಸ್ಟಿಯೇ.

ಚೀಲ ಹೊತ್ತು ದಾರಿ ಹೇಳುವ ಕ್ಯಾಡಿಯನ್ನು ಟೀ ಸಮಯದ ಜೊತೆಗೇ ಬುಕ್ ಮಾಡಿ. ಅವರ ಕೂಲಿ ಆಟದ ಶುಲ್ಕದಲ್ಲಿ ಸೇರಿರುವುದಿಲ್ಲ; ಸುತ್ತು ಮುಗಿದ ಮೇಲೆ ಅವರ ಕೈಗೇ ನಗದು, ಜೊತೆಗೆ ಭಕ್ಷೀಸು. ಖರ್ಚು ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ. ಮೊದಲ ಸಲ ಹೋಗುವ ನಾಲ್ವರ ಗುಂಪಿಗೆ ಒಬ್ಬರಾದರೂ ಬೇಕೇ ಬೇಕು. ಅವರಿಗೆ ನಿಮ್ಮ ಕ್ಲಬ್‌ಗಳ ದೂರ ಹೇಳುವಾಗ ಚೆಂಡು ಹಾರುವ ದೂರವನ್ನಷ್ಟೇ ಹೇಳಿ, ಉರುಳಿದ್ದನ್ನು ಸೇರಿಸಬೇಡಿ. ಹಳ್ಳ ದಾಟಿಸಲು ಅವರಿಗೆ ಬೇಕಾದದ್ದು ಹಾರುವ ದೂರ. ಬಡಾಯಿ ಸೇರಿಸಿ ಹೇಳಿದ ಹತ್ತು ಗಜ ನೇರವಾಗಿ ನೀರಿಗೆ ಹೋಗುತ್ತದೆ.

ಇದು ನಡೆದು ಆಡುವ ಕೋರ್ಸ್, ನಡಿಗೆ 10 ಕಿ.ಮೀ. ಮೀರುತ್ತದೆ. ಆರೋಗ್ಯದ ಕಾರಣಕ್ಕೆ ಬಗ್ಗಿ ಗಾಡಿ ಬೇಕಾದವರು ಮೊದಲೇ ಬರೆದು ಕೇಳಬೇಕು. ಕೊಡೆ ಈ ಗಾಳಿಯಲ್ಲಿ ಉಪಯೋಗಕ್ಕೆ ಬಾರದು. ಮಳೆಗೆ ಮೇಲಂಗಿ ಮತ್ತು ಪ್ಯಾಂಟು ಎರಡೂ ಇರಲಿ, ಒದ್ದೆಯಾದರೂ ಹಿಡಿತ ಕೊಡುವ ಮಳೆ ಗ್ಲವ್ಸ್ ಇರಲಿ, ಕಿವಿ ಮುಚ್ಚುವ ಉಣ್ಣೆ ಟೋಪಿ ಇರಲಿ. ಚೆಂಡು ಒಂದು ಡಜನ್ ಇಟ್ಟುಕೊಳ್ಳಿ.

ಮೊದಲ ಐದು ಹೋಲ್

ಯಾವ ಟೀಯಿಂದ ಆಡುತ್ತೀರಿ ಎಂಬುದರ ಮೇಲೆ ಅರ್ಧ ಆಟ ನಿಂತಿದೆ. 2018ರ ಓಪನ್‌ನಲ್ಲಿ ಉದ್ದ 7,402 ಗಜ, ಪಾರ್ (ನಿಗದಿತ ಹೊಡೆತಗಳ ಸಂಖ್ಯೆ) 71. ಸಂದರ್ಶಕರಿಗೆ ಬಿಡುವ ಟೀಗಳು ಅದಕ್ಕಿಂತ ಎಷ್ಟೋ ಮುಂದೆ; ಆದರೂ ಉದ್ದ ಕಡಿಮೆಯೇನಲ್ಲ. ಡ್ರೈವರ್ 220 ಗಜಕ್ಕಿಂತ ಕಡಿಮೆ ಹಾರುವವರು ಇನ್ನೂ ಮುಂದಿನ ಟೀಗೆ ಹೋಗಲಿ, ಅದರಲ್ಲಿ ಅವಮಾನವಿಲ್ಲ. ಕೋರ್ಸಿನಲ್ಲಿ ಪಾರ್ 3 ಇರುವುದು ಮೂರೇ (8, 13, 16), ಪಾರ್ 5 ಎರಡೇ (6, 14). ಉಳಿದ ಹದಿಮೂರೂ ಪಾರ್ 4. ಉದ್ದದ ಎರಡನೇ ಹೊಡೆತಗಳನ್ನು ಮತ್ತೆ ಮತ್ತೆ ಹೊಡೆಯಬೇಕಾಗುವುದರಿಂದ ದಣಿವು ಬೇಗ ಬರುತ್ತದೆ.

ಒಂದನೆಯದಾದ ಕಪ್‌ನಲ್ಲಿ ಗ್ರೀನ್ ತಗ್ಗಿನಲ್ಲಿ ಕೂತಿದೆ; ಮುಂದೆ ಬೀಳಿಸಿ ಉರುಳಿಸುವುದೇ ಕ್ಷೇಮ. ಎರಡನೆಯದರಲ್ಲಿ ಫೇರ್‌ವೇ ನಡುವೆ ಬ್ರೇಡ್ ಬಂಕರ್ ಕಾದಿರುತ್ತದೆ. 1926ರಲ್ಲಿ ಕೋರ್ಸನ್ನು ಹೊಸದಾಗಿ ರೂಪಿಸಿದ ಜೇಮ್ಸ್ ಬ್ರೇಡ್ ಅವರ ಹೆಸರು ಅದಕ್ಕೆ. ಒಳ್ಳೆಯ ನೇರ ಡ್ರೈವ್ ಹೋಗುವ ಜಾಗದಲ್ಲೇ ಬಂಕರ್ ಇಡುವುದು ಈ ಮೈದಾನದ ಸ್ವಭಾವ ಎಂದು ಅಲ್ಲೇ ಗೊತ್ತಾಗುತ್ತದೆ. ಮೂರನೆಯದು ಚಿಕ್ಕದು, ಗ್ರೀನ್ ಮುಂದೆಯೇ ಜಾಕೀಸ್ ಬರ್ನ್ ಹಳ್ಳ. ಇಲ್ಲಿ ಡ್ರೈವರ್ ತೆಗೆಯುವವರಿಗೆ ಸಿಗುವುದು 50-60 ಗಜದ ಅರ್ಧ ವೆಜ್ (ಚೆಂಡನ್ನು ಎತ್ತರಕ್ಕೆ ಎತ್ತುವ ಕ್ಲಬ್), ಗಟ್ಟಿ ನೆಲದ ಮೇಲೆ ಅದಕ್ಕಿಂತ ಕಷ್ಟದ ಹೊಡೆತ ಇನ್ನೊಂದಿಲ್ಲ. ಟೀಯಿಂದ ಹೈಬ್ರಿಡ್ ಹೊಡೆದು 110-120 ಗಜ ಉಳಿಸಿಕೊಳ್ಳಿ. ಐದನೆಯದಾದ ಬ್ರೇನಲ್ಲಿ ಹೋಗನ್ ಕೊನೆಯ ಸುತ್ತಿನಲ್ಲಿ ಬಂಕರ್ ಅಂಚಿನಿಂದ ನೇರ ಕುಳಿಗೇ ಚಿಪ್ ಮಾಡಿ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಪಡೆದರು. ಆ ದಿನದ ಆಟ ತಿರುಗಿದ್ದು ಅಲ್ಲಿ.

ಆರನೆಯದು

ಟೂರ್ ಕಂಪನಿಗಳು ಮಾರುವುದೇ ಈ ಹೋಲನ್ನು. ಹಿಂದೆ ಇದರ ಹೆಸರು ಲಾಂಗ್, ಈಗ ಅಧಿಕೃತವಾಗಿಯೇ ಹೋಗನ್ಸ್ ಆಲಿ. ಚಾಂಪಿಯನ್‌ಷಿಪ್ ಟೀಯಿಂದ 580 ಗಜದ ಆಸುಪಾಸು, ಸಾಮಾನ್ಯವಾಗಿ ಎದುರುಗಾಳಿ. ಎಡಗಡೆ ಉದ್ದಕ್ಕೂ ಬೇಲಿ; ಬೇಲಿಯಾಚೆ ಬ್ಯಾರಿ ಬಡನ್ ಸೇನಾ ತರಬೇತಿ ಮೈದಾನ, ಅದು ಔಟ್ ಆಫ್ ಬೌಂಡ್ಸ್, ಅಂದರೆ ಆಟದ ಗಡಿಯಾಚೆ. ಗುಂಡಿನ ಸದ್ದು ಕೇಳಿದರೆ ಗಾಬರಿ ಬೇಡ. ಫೇರ್‌ವೇ ನಟ್ಟನಡುವೆ ಬಂಕರ್‌ಗಳು. ಅವುಗಳ ಬಲಕ್ಕೆ ಜಾಗ ಧಾರಾಳ, ಆದರೆ ಅಲ್ಲಿಂದ ಎರಡನೇ ಹೊಡೆತಕ್ಕೆ ಬಲಗಡೆಯಿಂದ ಒಳನುಗ್ಗುವ ಹಳ್ಳ ಅಡ್ಡ ಬರುತ್ತದೆ, ಗ್ರೀನ್‌ನ ಕೋನವೂ ಕೆಡುತ್ತದೆ. ಬಂಕರ್‌ಗೂ ಬೇಲಿಗೂ ನಡುವೆ ಎಡಗಡೆ ಒಂದು ಕಿರಿದಾದ ಪಟ್ಟಿ. ಅಲ್ಲಿ ಚೆಂಡು ಬಿದ್ದರೆ ಗ್ರೀನ್‌ಗೆ ನೇರ ದಾರಿ.

ಹೋಗನ್ ಆ ಪಟ್ಟಿಗೇ ಹೊಡೆದರು. ನಾಲ್ಕು ಸುತ್ತಿನಲ್ಲೂ ಹಾಗೇ ಮಾಡಿದರು ಎಂಬ ಮಾತು ದಂತಕಥೆಯಾಗಿ ಬೆಳೆದಿದೆ. ಕೊನೆಯ ದಿನದ ಎರಡೂ ಸುತ್ತುಗಳಲ್ಲಿ ಇಲ್ಲಿ ಬರ್ಡಿ ಪಡೆದದ್ದೇ ಆ ಕಥೆಯ ಬೇರು. ಇದನ್ನು ಎದೆಗಾರಿಕೆ ಎಂದು ಬಣ್ಣಿಸುವವರು ಹೆಚ್ಚು. ನಿಜಕ್ಕೂ ಅದು ಲೆಕ್ಕಾಚಾರ. ಹೋಗನ್ ಅವರ ಆಗಿನ ಮಾಮೂಲು ಹೊಡೆತ ಫೇಡ್: ಎಡಕ್ಕೆ ಹೊರಟು ಕೊನೆಯಲ್ಲಿ ತುಸು ಬಲಕ್ಕೆ ಬಾಗುವಂಥದ್ದು. ಅಪಘಾತದ ನಂತರದ ವರ್ಷಗಳಲ್ಲಿ ಎಡಕ್ಕೆ ತಿರುಗುವ ಹುಕ್ ಅವರ ಆಟದಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಬೇಲಿ ಎಡಕ್ಕಿದ್ದಾಗ ಚೆಂಡು ಬೇಲಿಯಿಂದ ದೂರ ಸರಿಯುತ್ತದೆ ಎಂಬ ಖಾತರಿ ಇದ್ದವರಿಗೆ ಆ ಪಟ್ಟಿ ಕಿರಿದಲ್ಲ. ಜೊತೆಗೆ ಎದುರುಗಾಳಿಯಲ್ಲೂ ಕೆಳಮಟ್ಟದಲ್ಲಿ ಹೋಗುವ ಚಿಕ್ಕ ಚೆಂಡು.

ಸಂದರ್ಶಕರ ಕಥೆ ಬೇರೆ. ವಾರಾಂತ್ಯದ ಆಟಗಾರರಲ್ಲಿ ಹೆಚ್ಚಿನವರದು ಸ್ಲೈಸ್. ಅದು ಬಲಕ್ಕೆ ಬರುತ್ತದೆ ಎಂದುಕೊಂಡು ಬೇಲಿಯ ಮೇಲೆ ಗುರಿಯಿಡುತ್ತಾರೆ. ಎದುರುಗಾಳಿಯಲ್ಲಿ ಸ್ಲೈಸ್ ದುಪ್ಪಟ್ಟಾಗಿ ಪಟ್ಟಿಯನ್ನೂ ದಾಟಿ ಬಂಕರ್‌ಗೆ ಬೀಳುತ್ತದೆ; ಅಪರೂಪಕ್ಕೆ ಚೆನ್ನಾಗಿ ತಾಗಿ ನೇರ ಹೋದರೆ ಬೇಲಿಯಾಚೆಗೆ. ಎರಡರಲ್ಲೂ ನಷ್ಟವೇ. ಬೇಲಿ ದಾಟಿದರೆ ಒಂದು ಹೊಡೆತದ ದಂಡದ ಜೊತೆ ಮತ್ತೆ ಟೀಯಿಂದಲೇ, ಅಂದರೆ ಮೂರನೇ ಹೊಡೆತ. ಹಾಗಾಗಿ ಇಲ್ಲಿ ಹೋಗನ್ ದಾರಿ ಹಿಡಿಯಬೇಡಿ, ಹೋಗನ್ ಲೆಕ್ಕ ಹಿಡಿಯಿರಿ. ಬಂಕರ್‌ಗಳ ಮುಂಚೂಣಿಗೆ ಎಷ್ಟು ಗಜ ಎಂದು ಕ್ಯಾಡಿಯನ್ನು ಕೇಳಿ, ಅದಕ್ಕಿಂತ 15 ಗಜ ಮೊದಲೇ ನಿಲ್ಲುವ ಕ್ಲಬ್ ತೆಗೆಯಿರಿ. ಬೇಸಿಗೆಯ ಒಣ ನೆಲದಲ್ಲಿ 25 ಗಜ ಮೊದಲೇ. ಎರಡನೆಯದನ್ನು ಹಳ್ಳಕ್ಕಿಂತ ಹಿಂದೆ, ಫೇರ್‌ವೇಯ ಎಡ ಅರ್ಧದಲ್ಲಿ ಇಡಿ. ಮೂರನೆಯದು ಉದ್ದದ್ದೇ ಉಳಿಯುತ್ತದೆ. ಗ್ರೀನ್‌ಗೆ ತಲುಪದಿದ್ದರೂ ಪರವಾಗಿಲ್ಲ, ಮುಂದಿನಿಂದ ಪಟರ್‌ನಲ್ಲೇ ಏರಿಸಬಹುದು. ಇಲ್ಲಿ ಆರು ಒಳ್ಳೆಯ ಅಂಕ.

ಬಂಕರ್‌ಗಳು

ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ನೆಟ್ಟಗಿನ ಗೋಡೆ, ಕಿರಿದಾದ ತಳ, ಸುತ್ತಲಿನ ನೆಲವೆಲ್ಲ ಒಳಕ್ಕೇ ವಾಲಿರುವ ಕಾರಣ ಹತ್ತಿರ ಬಂದ ಚೆಂಡೂ ಉರುಳಿ ಒಳಗೆ. ಒಳಗೆ ಇಳಿದ ತಕ್ಷಣ ಬಾವುಟ ನೋಡಬೇಡಿ, ಗೋಡೆ ನೋಡಿ. ಚೆಂಡಿಗೂ ಗೋಡೆಗೂ ನಡುವೆ ಒಂದು ಮಾರು ಇಲ್ಲದಿದ್ದರೆ ಮುಂದಕ್ಕೆ ಹೊಡೆಯುವ ಮಾತೇ ಇಲ್ಲ, ಪಕ್ಕಕ್ಕೋ ಹಿಂದಕ್ಕೋ ಹೊರತೆಗೆಯಿರಿ. ಲಿಂಕ್ಸ್‌ನ ಮರಳಿನ ಪದರ ಹಲವು ಕಡೆ ತೆಳು, ಅಡಿ ಗಟ್ಟಿ. ಹೆಚ್ಚು ಬೌನ್ಸ್ (ಕ್ಲಬ್ ಅಡಿಯ ಉಬ್ಬು) ಇರುವ ಸ್ಯಾಂಡ್ ವೆಜ್‌ನಿಂದ ಚೆಂಡಿನ ಎರಡು ಇಂಚು ಹಿಂದೆ ಹೊಡೆದರೆ ಅದು ಗಟ್ಟಿ ನೆಲಕ್ಕೆ ಪುಟಿದು ಚೆಂಡಿನ ಹೊಟ್ಟೆಗೆ ಬಡಿಯುತ್ತದೆ, ಚೆಂಡು ನೇರ ಗೋಡೆಗೆ. 58 ಡಿಗ್ರಿಯ ಕಡಿಮೆ ಬೌನ್ಸಿನ ವೆಜ್ ತನ್ನಿ, ಒಂದೇ ಇಂಚು ಹಿಂದೆ ಹೊಡೆಯಿರಿ. ಆಡಲಾಗದು ಅನ್ನಿಸಿದರೆ ನಿಯಮ ನೆರವಿಗಿದೆ: ಒಂದು ಹೊಡೆತದ ದಂಡಕ್ಕೆ ಬಂಕರ್ ಒಳಗೇ ಎರಡು ಕ್ಲಬ್ ಉದ್ದದಲ್ಲಿ ಡ್ರಾಪ್ (ಚೆಂಡನ್ನು ಕೈಯಿಂದ ಬೀಳಿಸಿ ಮತ್ತೆ ಆಡುವುದು), ಎರಡು ಹೊಡೆತದ ದಂಡಕ್ಕೆ ಕುಳಿಯಿಂದ ಚೆಂಡಿನ ನೇರಕ್ಕೆ ಹಿಂದೆ ಸರಿದು ಬಂಕರ್ ಹೊರಗೆ ಡ್ರಾಪ್. ಎರಡನೆಯದು ಹೆಚ್ಚಿನ ಸಂದರ್ಭದಲ್ಲಿ ಅಗ್ಗ.

ಏಳರಿಂದ ಹದಿಮೂರರವರೆಗೆ ಉಸಿರಾಡಲು ಜಾಗವಿದೆ ಅನ್ನಿಸುತ್ತದೆ, ಒಂದನ್ನು ಬಿಟ್ಟು: ಹತ್ತನೆಯದು, ಸೌತ್ ಅಮೆರಿಕ. ಗ್ರೀನ್ ಮುಂದೆ ಬ್ಯಾರಿ ಬರ್ನ್ ಹಳ್ಳ ಹಾಯುವುದರಿಂದ ಡ್ರೈವ್ ಚೆನ್ನಾಗಿ ಬಾರದಿದ್ದರೆ ಎರಡನೆಯದರಲ್ಲಿ ಹಳ್ಳದ ಈಚೆಗೇ ಉಳಿಯಿರಿ. ಹದಿನಾಲ್ಕನೆಯದರಲ್ಲಿ ಜೋಡಿ ಬಂಕರ್‌ಗಳು, ಕನ್ನಡಕದ ಎರಡು ಗಾಜಿನಂತೆ ಇರುವುದರಿಂದ ಅವಕ್ಕೆ ಸ್ಪೆಕ್ಟಕಲ್ಸ್ ಎಂದೇ ಹೆಸರು. 1968ರಲ್ಲಿ ಗ್ಯಾರಿ ಪ್ಲೇಯರ್ 3 ವುಡ್‌ನಿಂದ ಅವುಗಳ ಮೇಲೆ ಹಾರಿಸಿ ಕುಳಿ ಪಕ್ಕದಲ್ಲೇ ನಿಲ್ಲಿಸಿ ಈಗಲ್ (ಪಾರ್‌ಗಿಂತ ಎರಡು ಹೊಡೆತ ಕಡಿಮೆ) ಪಡೆದರು.

ಕೊನೆಯ ಮೂರು

ಓಪನ್ ಕೋರ್ಸುಗಳಲ್ಲಿ ಇದಕ್ಕಿಂತ ಕಠಿಣ ಮುಕ್ತಾಯ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಊರಿನವರೇ ಆದ ಜೇಮ್ಸ್ ರೈಟ್ 1930ರ ದಶಕದಲ್ಲಿ ಈ ಭಾಗವನ್ನು ಮರುರೂಪಿಸಿದರು.

ಹದಿನಾರನೆಯದು ಪಾರ್ 3, ಹಿಂದಿನ ಟೀಯಿಂದ 248 ಗಜ. ಗ್ರೀನ್ ಎತ್ತರದಲ್ಲಿದೆ, ಉದ್ದಕ್ಕಿದೆ, ಅಗಲ ಕಡಿಮೆ, ಎರಡೂ ಬದಿ ಬಂಕರ್. 1975ರಲ್ಲಿ ಓಪನ್ ಗೆದ್ದ ಟಾಮ್ ವಾಟ್ಸನ್ ಪ್ಲೇಆಫ್ (ಸಮವಾದವರ ನಡುವಿನ ನಿರ್ಣಾಯಕ ಆಟ) ಸೇರಿ ಐದು ಸುತ್ತಿನಲ್ಲಿ ಒಮ್ಮೆಯೂ ಇಲ್ಲಿ ಪಾರ್ ಮಾಡಲಿಲ್ಲ. ಸಂದರ್ಶಕರಿಗೆ ಒಂದೇ ಸಲಹೆ: ಗ್ರೀನ್ ಮುಂದೆ ನೇರಕ್ಕೆ ನಿಲ್ಲಿಸಿ, ಅಲ್ಲಿಂದ ಉರುಳಿಸಿ. ಪಕ್ಕಕ್ಕೆ ತಪ್ಪುವುದಕ್ಕಿಂತ ಹಿಂದೆ ಉಳಿಯುವುದು ಒಳ್ಳೆಯದು.

ಹದಿನೇಳನೆಯದು ಐಲೆಂಡ್. ಬ್ಯಾರಿ ಬರ್ನ್ ಇಲ್ಲಿ ಹಾವಿನಂತೆ ಹೊರಳಿ ಫೇರ್‌ವೇಯನ್ನು ನಡುಗಡ್ಡೆ ಮಾಡಿದೆ. ಟೀಯಿಂದ ನೋಡಿದರೆ ಹಳ್ಳ ಎಲ್ಲಿ ಹೋಗಿ ಎಲ್ಲಿ ಬರುತ್ತದೆಂದು ತಿಳಿಯುವುದೇ ಇಲ್ಲ. ಎರಡು ಅಂಕಿ ಬೇಕು: ಮೊದಲ ದಾಟಿಗೆ ಎಷ್ಟು ಹಾರಬೇಕು, ಎರಡನೇ ದಾಟಿಗೆ ಎಷ್ಟರೊಳಗೆ ನಿಲ್ಲಬೇಕು. ರೇಂಜ್‌ಫೈಂಡರ್ ಹಿಡಿದವರು ಬಾವುಟಕ್ಕೆ ಅಳೆದು ಸುಮ್ಮನಾಗುತ್ತಾರೆ. ಅಳೆಯಬೇಕಾದದ್ದು ಹಳ್ಳದ ಆಚೆ ದಡ.

ಹದಿನೆಂಟನೆಯದು 2018ರಲ್ಲಿ 499 ಗಜದ ಪಾರ್ 4. ಹದಿನೇಳರ ವಿರುದ್ಧ ದಿಕ್ಕಿಗೆ ಇರುವುದರಿಂದ ಈ ಎರಡರಲ್ಲಿ ಒಂದಕ್ಕೆ ಎದುರುಗಾಳಿ ತಪ್ಪುವುದಿಲ್ಲ. ಅದೇ ಹಳ್ಳ ಟೀ ಮುಂದೆ ಹಾಯುತ್ತದೆ, ಬಲಗಡೆ ಕಾಯುತ್ತದೆ, ಗ್ರೀನ್ ಮುಂದೆ ಮತ್ತೆ ಅಡ್ಡ ಬರುತ್ತದೆ. ಎಡಕ್ಕೆ ಔಟ್ ಆಫ್ ಬೌಂಡ್ಸ್. 1999ರಲ್ಲಿ ಫ್ರಾನ್ಸಿನ ಜಾನ್ ವಾನ್ ಡಿ ವೆಲ್ಡ್ ಮೂರು ಹೊಡೆತ ಮುಂದಿದ್ದು ಇಲ್ಲಿಗೆ ಬಂದವರು ಏಳು ಹೊಡೆದು ಪ್ಲೇಆಫ್‌ಗೆ ಬಿದ್ದರು, ಗೆದ್ದವರು ಪಾಲ್ ಲಾರಿ. 2007ರಲ್ಲಿ ಪಾಡ್ರಿಗ್ ಹ್ಯಾರಿಂಗ್ಟನ್ ಇದೇ ಹೋಲ್‌ನಲ್ಲಿ ಎರಡು ಸಲ ನೀರಿಗೆ ಹೊಡೆದೂ ಪ್ಲೇಆಫ್‌ನಲ್ಲಿ ಗೆದ್ದರು. ಪಾಠ ಸ್ಪಷ್ಟ. ಎರಡನೇ ಹೊಡೆತ ಹಳ್ಳ ದಾಟುವುದು ಖಚಿತವಿಲ್ಲದಿದ್ದರೆ 70-80 ಗಜ ಉಳಿಸಿ ನಿಲ್ಲಿಸಿ, ಮೂರನೆಯದನ್ನು ತುಂಬು ವೆಜ್ ಆಗಿ ಹೊಡೆಯಿರಿ. ನೀರಿಗೆ ಬಿದ್ದರೆ ಮೊದಲು ಗೂಟದ ಬಣ್ಣ ನೋಡಿ: ಕೆಂಪಾದರೆ ಚೆಂಡು ಹಳ್ಳದ ಅಂಚು ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದಲ್ಲಿ ಪಕ್ಕಕ್ಕೆ ಡ್ರಾಪ್ ಮಾಡಬಹುದು, ಹಳದಿಯಾದರೆ ಆ ಆಯ್ಕೆ ಇಲ್ಲ. ಕಲ್ಲಿನ ದಡ ಇಳಿದು ಚೆಂಡು ತೆಗೆಯಲು ಹೋಗಬೇಡಿ, ಜಾರುತ್ತದೆ.

ಕೊರತೆಗಳು

ಹದಿನೆಂಟರ ಹಿಂದೆ ಎದ್ದಿರುವ ಹೋಟೆಲ್ ಕಟ್ಟಡ ಈ ಬಯಲಿಗೆ ಒಪ್ಪುವುದಿಲ್ಲ. ಆದರೆ ಅನುಕೂಲ ಬೇಕಾದವರಿಗೆ ಮೊದಲ ಟೀ ಪಕ್ಕದಲ್ಲೇ ಕೋಣೆ. ಲಿಂಕ್ಸ್ ಹೌಸ್‌ನಲ್ಲಿ ಊಟ, ಅಂಗಡಿ ಎರಡೂ ಇವೆ. ಬೇಸಿಗೆಯ ನಡುಹಗಲಲ್ಲಿ ಆಟ ನಿಧಾನ, ಕಾರಣ ಆರನೇ ಹೋಲ್‌ನಲ್ಲಿ ಬೇಲಿಯ ಮೇಲೆ ಗುರಿಯಿಡುವವರು ಮತ್ತು ಹದಿನೇಳರಲ್ಲಿ ಹಳ್ಳದ ಲೆಕ್ಕ ಹಾಕುತ್ತ ನಿಲ್ಲುವವರು. ಬೆಳಗಿನ ಮೊದಲ ಹೊತ್ತುಗಳು ಒಳ್ಳೆಯವು. ಆದರೆ ಪೂರ್ವ ಕರಾವಳಿಯಲ್ಲಿ ಸಮುದ್ರದಿಂದ ಮಂಜು ಕವಿಯುವುದುಂಟು, ಆಗ ಶುರುವಾಗುವುದು ತಡವಾಗಬಹುದು. ಅದೇ ದಿನ ಸಂಜೆಯ ರೈಲು ಹಿಡಿಯುವ ಯೋಜನೆ ಇಟ್ಟುಕೊಳ್ಳಬೇಡಿ.

ಒಂದೇ ಸುತ್ತಿಗೆ ಬಂದು ಹೋಗುವುದಕ್ಕಿಂತ ಎರಡು ದಿನ ಇಟ್ಟುಕೊಳ್ಳುವುದು ಉತ್ತಮ. ಮೊದಲ ದಿನ ಬರ್ನ್‌ಸೈಡ್ ಆಡಿ. 1953ರ ಅರ್ಹತಾ ಸುತ್ತು ನಡೆದದ್ದು ಅಲ್ಲಿ, ಶುಲ್ಕ ಚಾಂಪಿಯನ್‌ಷಿಪ್ ಕೋರ್ಸಿಗಿಂತ ಎಷ್ಟೋ ಕಡಿಮೆ, ಉದ್ದ ಕಡಿಮೆ. ಆದರೆ ಅದೇ ನೆಲ, ಅದೇ ಗಾಳಿ, ಅದೇ ಬಗೆಯ ಬಂಕರ್. ನಿಮ್ಮ ಕ್ಲಬ್‌ಗಳ ಹೊಸ ದೂರವನ್ನು ಅಲ್ಲೇ ಬರೆದುಕೊಳ್ಳಬಹುದು. ಬ್ಯಾರಿ ಊರಿನ ಪ್ಯಾನ್‌ಮ್ಯೂರ್ ಇನ್ನೊಂದು ಆಯ್ಕೆ. ಅದು ಖಾಸಗಿ ಕ್ಲಬ್, ಸಂದರ್ಶಕರಿಗೂ ಅವಕಾಶ ಕೊಡುತ್ತಾರೆ. ಜನಜಂಗುಳಿ ತಪ್ಪಿಸಲು ಹೋಗನ್ ಅಭ್ಯಾಸ ಮಾಡಿದ್ದು ಅಲ್ಲಿ. ಅಲ್ಲಿಯ ಆರನೇ ಹೋಲ್‌ಗೂ ಅವರದೇ ಹೆಸರು, ಗ್ರೀನ್ ಮುಂದಿನ ಬಂಕರ್ ಅವರ ಸಲಹೆಯಂತೆ ತೋಡಿದ್ದು ಎನ್ನುತ್ತಾರೆ. ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಬರ್ನ್‌ಸೈಡ್ ಆರಿಸಿ. ಚಾಂಪಿಯನ್‌ಷಿಪ್ ಕೋರ್ಸನ್ನು ಎರಡನೇ ದಿನ ಬೆಳಿಗ್ಗೆಗೆ ಇಡಿ, ಹಿಂದಿನ ದಿನ ಬೀಸಿದ ಗಾಳಿಯ ದಿಕ್ಕನ್ನು ಯಾರ್ಡೇಜ್ ಪುಸ್ತಕದ ಮೊದಲ ಪುಟದಲ್ಲಿ ಬಾಣದ ಗುರುತಿನಿಂದ ಬರೆದುಕೊಂಡು ಹೋಗಿ.